ಧಕ್ಕೆಗೆ ಬರುವಾಗ ವೇಗ ತಗ್ಗಿಸದ ನಿಮ್ಮ ದೋಣಿಗಳ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಪ್ರವಾಸಿ ದೋಣಿ ವಿಹಾರ ಸಂಸ್ಥೆ,
ಶರಾವತಿ ನದಿ ತೀರ, ಹೊನ್ನಾವರ

ವಿಷಯ: ಧಕ್ಕೆಯಲ್ಲಿ ದೋಣಿ ನಿಲ್ಲಿಸುವಾಗಿನ ನಿರ್ಲಕ್ಷ್ಯದಿಂದ ನನ್ನ ತಾಯಿಗೆ ಆದ ಗಾಯ ಮತ್ತು ಹೊಳೆಯಲ್ಲಿ ದುಡಿಯುವವರಿಗೆ ಆಗುತ್ತಿರುವ ತೊಂದರೆ.

ಮಾನ್ಯರೇ,

ಕಳೆದ ಭಾನುವಾರ ಸಂಜೆ ನಿಮ್ಮ ಡೀಸೆಲ್ ಎಂಜಿನ್ನಿನ ದೊಡ್ಡ ದೋಣಿಯಲ್ಲಿ ನಾವು ಮನೆಯ ಆರು ಮಂದಿ ವಿಹಾರಕ್ಕೆ ಹೋಗಿದ್ದೆವು. ಹೋಗುವಾಗ ದೂರುವಂಥದ್ದು ಏನೂ ಇರಲಿಲ್ಲ. ಎಲ್ಲರಿಗೂ ಜೀವರಕ್ಷಕ ಜಾಕೆಟ್ ಕೊಟ್ಟಿರಿ, ಕಾಂಡ್ಲಾ ಗಿಡಗಳ ನಡುವೆ ಎಂಜಿನ್ ಸದ್ದು ತಗ್ಗಿಸಿ ಮಕ್ಕಳಿಗೆ ಹಕ್ಕಿಗಳನ್ನು ತೋರಿಸಿದಿರಿ. ಹಿಂತಿರುಗಿ ಧಕ್ಕೆ ಮುಟ್ಟುವ ಹೊತ್ತಿನಲ್ಲಿ ನನ್ನ ತಾಯಿಯ ಬಲಗೈಯ ಎರಡು ಬೆರಳುಗಳು ದೋಣಿಯ ಅಂಚಿಗೂ ಧಕ್ಕೆಯ ಕಾಂಕ್ರೀಟಿಗೂ ನಡುವೆ ಸಿಕ್ಕಿ ಜಜ್ಜಿಹೋದವು. ಉಂಗುರ ಬೆರಳಿನ ಮೂಳೆ ಮುರಿದಿದೆ, ಕಿರುಬೆರಳಿಗೆ ನಾಲ್ಕು ಹೊಲಿಗೆ ಬಿದ್ದಿದೆ. ಅವರಿಗೆ 71 ವರ್ಷ. ಊದಿದ ಬೆರಳಿನಿಂದ ಉಂಗುರ ಬಿಚ್ಚಲಾಗದೆ ಆಸ್ಪತ್ರೆಯಲ್ಲಿ ಅದನ್ನು ಕತ್ತರಿಸಿ ತೆಗೆಯಬೇಕಾಯಿತು. ಅದು ಮದುವೆಯಲ್ಲಿ ನನ್ನ ತಂದೆ ಹಾಕಿದ ಉಂಗುರ.

ನನ್ನ ತಂದೆ ಈ ಹೊಳೆಯಲ್ಲಿ ತಾರಿ ದೋಣಿ ನಡೆಸಿದವರು. ಈಗ ಅವರಿಲ್ಲ. ತಾಯಿ ದಿನಕ್ಕೆ ನಾಲ್ಕು ಸಲವಾದರೂ ದೋಣಿ ಹತ್ತಿ ಇಳಿದೇ ಬದುಕು ಕಳೆದವರು. ಇದನ್ನು ಹೇಳುವುದಕ್ಕೆ ಕಾರಣವಿದೆ. ಅಪಘಾತವಾದ ಕೂಡಲೇ ನಿಮ್ಮ ಸಿಬ್ಬಂದಿಯೊಬ್ಬರು, 'ಅಂಚಿನ ಆಚೆ ಕೈ ಇಡಬಾರದು ಎಂದು ಬೋರ್ಡ್ ಹಾಕಿದ್ದೇವಲ್ಲ, ಅಜ್ಜಿ ಯಾಕೆ ಇಟ್ಟರು' ಎಂದು ಕೇಳಿದರು. ಅಂಚಿನ ಆಚೆ ಕೈ ಇಡಬಾರದು ಎಂಬುದನ್ನು ನನ್ನ ತಾಯಿಗೆ ಯಾವ ಬೋರ್ಡೂ ಕಲಿಸಬೇಕಾಗಿಲ್ಲ. ದೋಣಿ ಮೊದಲ ಸಲ ಧಕ್ಕೆಗೆ ಬಡಿದಾಗ ಕುಳಿತಿದ್ದವರೆಲ್ಲ ಮುಂದಕ್ಕೆ ಮುಗ್ಗರಿಸಿದರು. ಬೀಳದಿರಲು ಅವರು ಕೈಗೆ ಸಿಕ್ಕಿದ್ದನ್ನು ಹಿಡಿದರು. ಸಿಕ್ಕಿದ್ದು ಅಂಚಿನ ಹಲಗೆ. ಎರಡನೆಯ ಸಲ ಬಡಿದಾಗ ಬೆರಳು ಅಲ್ಲಿತ್ತು.

ಅಂದು ನಡೆದದ್ದನ್ನು ಬಿಡಿಸಿ ಬರೆಯುತ್ತೇನೆ. ಇದನ್ನು 'ಆಕಸ್ಮಿಕ' ಎಂದು ಬರೆದು ಕಡತ ಮುಚ್ಚುವುದು ನನಗೆ ಒಪ್ಪಿಗೆಯಿಲ್ಲ.

ಆಗ ಇಳಿತ ಜೋರಾಗಿತ್ತು. ಮೇಲೆ ಗೇರುಸೊಪ್ಪೆಯಲ್ಲಿ ಅಣೆಕಟ್ಟಿನ ನೀರು ಬಿಟ್ಟಿದ್ದರೆ ಈ ಸೆಳೆತ ಇನ್ನಷ್ಟು ಬಿಗಿಯಾಗುತ್ತದೆ ಎಂಬುದು ನಿಮಗೆ ಹೊಸದೇನಲ್ಲ. ಹೊಳೆ ಪಶ್ಚಿಮಕ್ಕೆ, ಅಳಿವೆಯ ಕಡೆಗೆ ಓಡುತ್ತಿತ್ತು. ನಾವೂ ಮೇಲಿನಿಂದ ಅದೇ ದಿಕ್ಕಿಗೆ ಬರುತ್ತಿದ್ದೆವು. ಹಾಗಾಗಿ ಧಕ್ಕೆ ನಮ್ಮ ಬಲಗಡೆಗೆ ಬಂದಿತು. ಬೆನ್ನಿಗೆ ಸೆಳೆತ ಇಟ್ಟುಕೊಂಡು ಧಕ್ಕೆಗೆ ಬರಬಾರದು ಎಂಬುದು ದೋಣಿ ನಡೆಸುವವರ ಮೊದಲ ಪಾಠ. ಧಕ್ಕೆಯನ್ನು ದಾಟಿ ಕೆಳಗೆ ಹೋಗಿ, ಅಗಲವಿರುವ ಕಡೆ ತಿರುಗಿಸಿಕೊಂಡು, ಸೆಳೆತಕ್ಕೆ ಎದುರಾಗಿ ಮೇಲೆ ಬರಬೇಕು. ಎದುರು ನೀರೇ ಆಗ ಬ್ರೇಕಿನ ಕೆಲಸ ಮಾಡುತ್ತದೆ. ಚುಕ್ಕಾಣಿಯ ಮೇಲೆ ನೀರು ಹರಿಯುತ್ತಲೇ ಇರುವುದರಿಂದ ದೋಣಿ ನಡಿಗೆಯ ವೇಗಕ್ಕೆ ಇಳಿದರೂ ಹೇಳಿದ ಮಾತು ಕೇಳುತ್ತದೆ. ತಂದೆ ಎರಡು ಹುಟ್ಟಿನ ದೋಣಿಯನ್ನೂ ಹೀಗೆಯೇ ತರುತ್ತಿದ್ದರು. ಹತ್ತು ಮಾರು ಆಚೆಯೇ ಹುಟ್ಟು ಎತ್ತಿ ಹಿಡಿದು, ದೋಣಿ ತಾನಾಗಿ ತೇಲಿಬಂದು ಕಲ್ಲನ್ನು ಮುಟ್ಟುವವರೆಗೆ ಕಾಯುತ್ತಿದ್ದರು. ಮಡಿಲಲ್ಲಿ ನಿದ್ದೆಹೋದ ಕೂಸಿಗೆ ದೋಣಿ ದಡ ಸೇರಿದ್ದು ಗೊತ್ತಾಗುತ್ತಿರಲಿಲ್ಲ.

ನಿಮ್ಮ ಚಾಲಕರು ತಿರುಗಿಸಿಕೊಳ್ಳಲಿಲ್ಲ. ಸೆಳೆತದ ಜೊತೆಗೇ ನೇರವಾಗಿ ಬಂದರು. ಧಕ್ಕೆಗೆ ಎರಡು ದೋಣಿಯ ಉದ್ದದಷ್ಟು ಅಂತರ ಉಳಿದಾಗ ಒಮ್ಮೆಲೇ ರಿವರ್ಸ್ ಗೇರು ಹಾಕಿ ಎಂಜಿನ್ ಏರಿಸಿದರು. ಒಂದೇ ಪಂಕದ (ನೀರನ್ನು ತಳ್ಳುವ ಪ್ರೊಪೆಲ್ಲರ್) ದೋಣಿ ರಿವರ್ಸ್‌ನಲ್ಲಿ ನೆಟ್ಟಗೆ ಹಿಂದಕ್ಕೆ ಎಳೆಯುವುದಿಲ್ಲ. ಹಿಂಭಾಗ ಒಂದು ಪಕ್ಕಕ್ಕೆ ಜಾರುತ್ತದೆ. ಮುಂದಕ್ಕೆ ಹೋಗುವಾಗ ಬಲಕ್ಕೆ ಸುತ್ತುವ ಪಂಕವಾದರೆ ಅದು ಎಡಕ್ಕೆ ಜಾರುತ್ತದೆ. ಹೆಚ್ಚಿನ ದೋಣಿಗಳಲ್ಲಿರುವುದು ಅಂಥ ಪಂಕವೇ. ಅಂದೂ ಹಿಂಭಾಗ ಎಡಕ್ಕೆ, ಹೊಳೆಯ ಕಡೆಗೆ ಸರಿಯಿತು. ಮೂತಿ ಬಲಕ್ಕೆ ಹೊರಳಿ ಧಕ್ಕೆಗೆ ಬಡಿಯಿತು. ಮುಂದಿನ ಸಾಲಿನ ಬಲ ತುದಿಯಲ್ಲಿ ಕುಳಿತಿದ್ದವರು ನನ್ನ ತಾಯಿ. ಅದೇ ದೋಣಿ ಕೆಳಗಿನಿಂದ ಸೆಳೆತಕ್ಕೆ ಎದುರಾಗಿ ಬಂದಿದ್ದರೆ ಧಕ್ಕೆ ಎಡಗಡೆಗೆ ಸಿಗುತ್ತಿತ್ತು. ಆಗ ತುಸುವೇ ರಿವರ್ಸ್ ಕೊಟ್ಟರೂ ಹಿಂಭಾಗ ಮೆಲ್ಲಗೆ ಧಕ್ಕೆಯ ಕಡೆಗೇ ಸರಿದು ದೋಣಿ ತಾನಾಗಿ ಒರಗಿಕೊಳ್ಳುತ್ತಿತ್ತು. ಉಳಿಸಿದ್ದು ಎರಡೋ ಮೂರೋ ನಿಮಿಷ.

ಆ ಎರಡು ಮೂರು ನಿಮಿಷ ಯಾರಿಗೆ ಬೇಕಾಗಿತ್ತು? ಧಕ್ಕೆಯ ಮೇಲೆ ಮುಂದಿನ ತಂಡದವರನ್ನು ಜಾಕೆಟ್ ತೊಡಿಸಿ ನಿಲ್ಲಿಸಿಕೊಂಡಿದ್ದ ನಿಮ್ಮ ಟಿಕೆಟ್‌ನವರು ಬೇಗ ಬರುವಂತೆ ಸೀಟಿ ಊದುತ್ತಲೇ ಇದ್ದರು. ದೋಣಿ ಬಡಿದ ಮೇಲೂ ಊದಿದರು. ಆದ್ದರಿಂದ ನನ್ನ ದೂರು ಚಾಲಕ ಹುಡುಗನ ಮೇಲೆ ಅಲ್ಲ. ಅವನು ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗ. ತಾಯಿಯ ಕೈಯಲ್ಲಿ ರಕ್ತ ಕಂಡು ಅವನ ಮುಖ ಬಿಳಿಚಿಕೊಂಡಿತು. ತನ್ನ ಅಂಗಿಯನ್ನೇ ಬಿಚ್ಚಿ ಸುತ್ತಿ, ರಿಕ್ಷಾದವರೆಗೂ ಜೊತೆಗೆ ಬಂದ. ಅವನನ್ನು ಕೆಲಸದಿಂದ ತೆಗೆದು ಕೈ ತೊಳೆದುಕೊಳ್ಳಬೇಡಿ. ಒಂದು ಸುತ್ತಿಗೆ ಇಷ್ಟೇ ನಿಮಿಷ ಎಂದು ಲೆಕ್ಕ ಹಾಕಿಕೊಟ್ಟವರು ಯಾರೋ, ಉತ್ತರ ಅವರಿಂದ ಬರಬೇಕು.

ಧಕ್ಕೆಯ ಆ ಮಗ್ಗುಲಿನಲ್ಲಿ ಒಂದೇ ಒಂದು ಹಳೆಯ ಟೈರು ತೂಗುತ್ತಿತ್ತು, ಅದರ ಹಗ್ಗವೂ ಒಂದು ಕಡೆ ಹರಿದಿತ್ತು. ದೋಣಿಯ ಮೂತಿಯಲ್ಲಿ ಹಗ್ಗ ಹಿಡಿದು ನಿಲ್ಲಲು ಆಳು ಇರಲಿಲ್ಲ. ಹಗ್ಗ ಕಟ್ಟುವ ಮೊದಲೇ, ಪಂಕ ಇನ್ನೂ ಸುತ್ತುತ್ತಿರುವಾಗಲೇ, 'ಇಳಿಯಿರಿ, ಇಳಿಯಿರಿ' ಎಂಬ ಕೂಗು ಬಂದಿತು. ದೋಣಿಗೂ ಧಕ್ಕೆಗೂ ನಡುವೆ ಮೊಳದಗಲ ಬಾಯಿ ತೆರೆದುಕೊಂಡು ಮುಚ್ಚುತ್ತಿದ್ದಾಗ ಮಕ್ಕಳನ್ನು ರಟ್ಟೆ ಹಿಡಿದು ದಾಟಿಸಿದರು. ಅಲ್ಲಿ ಕಾಲು ಜಾರಿದ ಮಗುವಿಗೆ ಜಾಕೆಟ್ ಏನು ಮಾಡೀತು?

ಎರಡನೆಯ ವಿಷಯ ನಿಮ್ಮ ಸಣ್ಣ ಫೈಬರ್ ದೋಣಿಗಳದ್ದು. ತಾಯಿಯ ಗಾಯ ಒಂದು ದಿನದ ಮಾತು. ಇದು ಪ್ರತಿದಿನದ್ದು.

ಇಳಿತದ ಹೊತ್ತಿನಲ್ಲಿ ಧಕ್ಕೆಯಿಂದ ತುಸು ಮೇಲೆ ನಮ್ಮೂರ ಹೆಂಗಸರು ಸೊಂಟದುದ್ದ ನೀರಿನಲ್ಲಿ ನಿಂತು ಚಿಪ್ಪಿಕಲ್ಲು ಹೆಕ್ಕುತ್ತಾರೆ. ಪಕ್ಕದಲ್ಲಿ ಗೂಟಕ್ಕೆ ಕಟ್ಟಿದ ಪಾತಿ ದೋಣಿ ಇರುತ್ತದೆ. ಅದರ ಅಂಚು ನೀರಿನಿಂದ ಗೇಣಿನಷ್ಟು ಮೇಲಿರುತ್ತದೆ, ಚಿಪ್ಪಿ ತುಂಬುತ್ತಾ ಹೋದಂತೆ ಇನ್ನೂ ಕೆಳಗಿಳಿಯುತ್ತದೆ. ಭಾನುವಾರ ನಾವು ಹೊರಡುವಾಗಲೇ ನಿಮ್ಮ ಫೈಬರ್ ದೋಣಿಯೊಂದು ಎಬ್ಬಿಸಿದ ಅಲೆಗೆ ಅಂಥ ಒಂದು ಪಾತಿ ಮಗುಚಿತು. ಆ ಅಕ್ಕ ಬುಟ್ಟಿಯನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತಿದ್ದರು. ಅವರ ಎರಡು ತಾಸಿನ ದುಡಿಮೆ ಮತ್ತೆ ಕೆಸರಿಗೆ ಬಿದ್ದದ್ದನ್ನು ನಾನು ಕಣ್ಣಾರೆ ಕಂಡೆ. ದೋಣಿಯಲ್ಲಿದ್ದವರು ಕೈ ಬೀಸುತ್ತಾ ಹೋದರು, ಹಿಂದೆ ಏನಾಯಿತೆಂದು ಅವರಿಗೆ ತಿಳಿಯಲೇ ಇಲ್ಲ. ಚಾಲಕನಿಗೆ ತಿಳಿಯಬೇಕಿತ್ತು.

ಕೇಳಿದರೆ, 'ಅಲ್ಲಿ ನಾವು ವೇಗ ಅರ್ಧಕ್ಕೆ ಇಳಿಸುತ್ತೇವೆ' ಎನ್ನುತ್ತಾರೆ. ನಿಜ, ಇಳಿಸುತ್ತಾರೆ. ತೊಂದರೆ ಇರುವುದೇ ಆ ಅರ್ಧದಲ್ಲಿ. ಹಗುರವಾದ ಫೈಬರ್ ದೋಣಿ ಪೂರ್ತಿ ವೇಗದಲ್ಲಿ ನೀರಿನ ಮೇಲೆ ಜಾರುತ್ತದೆ. ಅರ್ಧಕ್ಕೆ ಇಳಿಸಿದಾಗ ಮೂತಿ ಮೇಲೆದ್ದು, ಹಿಂಭಾಗ ನೀರಿಗೆ ಕುಸಿದು, ಹೊಳೆಯನ್ನು ಉಳುತ್ತಾ ಸಾಗುತ್ತದೆ. ಅತಿ ದೊಡ್ಡ ಅಲೆ ಏಳುವುದು ಆಗಲೇ. ಅಲೆಯ ಎತ್ತರ ಎರಡು ಪಟ್ಟಾದರೆ ಅದರ ಶಕ್ತಿ ನಾಲ್ಕು ಪಟ್ಟಾಗುತ್ತದೆ. ದಡದ ಹತ್ತಿರ ನೀರು ಆಳವಿಲ್ಲದ ಕಡೆ ಅದೇ ಅಲೆ ಕಡಿದಾಗಿ ನಿಂತು ಒಡೆಯುತ್ತದೆ. ಮೂತಿ ಇಳಿದು ದೋಣಿ ಸಪಾಟಾಗಿ ಕೂರುವವರೆಗೆ, ಹಿಂದೆ ನೊರೆ ನಿಲ್ಲುವವರೆಗೆ ತಗ್ಗಿಸಿದರೆ ಮಾತ್ರ ಅದು ನಿಧಾನ. ಅದನ್ನೂ ಧಕ್ಕೆಯ ಬುಡದಲ್ಲಿ ಮಾಡಿದರೆ ಪ್ರಯೋಜನವಿಲ್ಲ. ಒಮ್ಮೆಲೇ ನಿಂತ ದೋಣಿಯನ್ನು ಅದರದೇ ಅಲೆ ಹಿಂದಿನಿಂದ ಬಂದು ಎತ್ತಿ ಧಕ್ಕೆಗೆ ಎಸೆಯುತ್ತದೆ. ಮೊದಲ ಪಾತಿ ಕಾಣುವ ಜಾಗಕ್ಕಿಂತ ಮುಂಚೆಯೇ ನಿಧಾನ ಶುರುವಾಗಬೇಕು.

2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯ ಪಟ್ಟಿಯಲ್ಲಿ ಶರಾವತಿಯೂ ಇದೆ. 2021ರ ಒಳನಾಡು ಹಡಗುಗಳ ಕಾಯ್ದೆ ನೋಂದಣಿ, ಸುರಕ್ಷತಾ ತಪಾಸಣೆಯ ಪ್ರಮಾಣಪತ್ರ, ಸಿಬ್ಬಂದಿಯ ಅರ್ಹತೆ, ವಿಮೆ ಇವನ್ನೆಲ್ಲ ಕೇಳುತ್ತದೆ. ಈ ದೋಣಿಯದ್ದೂ ಚಾಲಕನದ್ದೂ ದಾಖಲೆಗಳ ಪ್ರತಿ ನನಗೆ ಬೇಕು. 2019ರ ಜನವರಿಯಲ್ಲಿ ಕಾರವಾರದ ಬಳಿ ಕೂರ್ಮಗಡದ ಜಾತ್ರೆಯಿಂದ ಹಿಂತಿರುಗುತ್ತಿದ್ದ ದೋಣಿ ಮುಳುಗಿ ಎಷ್ಟು ಮನೆಗಳು ಬರಿದಾದವು ಎಂಬುದನ್ನು ನಮ್ಮ ಜಿಲ್ಲೆ ಮರೆತಿಲ್ಲ. 2023ರ ಮೇ ತಿಂಗಳಲ್ಲಿ ಕೇರಳದ ತಾನೂರಿನಲ್ಲಿ ವಿಹಾರದ ದೋಣಿ ಮಗುಚಿ 22 ಮಂದಿ ಸತ್ತರು. ಅವು ಬೇರೆ ಕಾರಣದ ದುರಂತಗಳು, ನಮ್ಮದಕ್ಕೆ ಹೋಲಿಸುತ್ತಿಲ್ಲ. ಆದರೆ ಆ ಸುದ್ದಿಗಳನ್ನು ಓದಿದ ಮೇಲೂ ನಾವು ನಿಮ್ಮನ್ನು ನಂಬಿ ಮಕ್ಕಳನ್ನೂ ಮುದುಕರನ್ನೂ ದೋಣಿಗೆ ಹತ್ತಿಸುತ್ತೇವೆ.

ತಾಯಿಯ ಚಿಕಿತ್ಸೆಗೆ ಇದುವರೆಗೆ ಆದ ಖರ್ಚಿನ ರಸೀದಿಗಳನ್ನು ಲಗತ್ತಿಸಿದ್ದೇನೆ. ಅದನ್ನೂ ಮುಂದಿನ ಚಿಕಿತ್ಸೆಯ ಖರ್ಚನ್ನೂ ನೀವು ಭರಿಸಬೇಕು. ಮಗುಚಿದ ಪಾತಿಯ ಅಕ್ಕನ ಆ ದಿನದ ನಷ್ಟವನ್ನು ತುಂಬಿಕೊಟ್ಟು, ನಿಮ್ಮ ಕಡೆಯ ಹಿರಿಯರೊಬ್ಬರು ಅವರ ಮನೆಗೆ ಹೋಗಿ ಮಾತನಾಡಿ ಬರಬೇಕು. ಅವರು ದೂರು ಬರೆಯುವವರಲ್ಲ, ಬರೆಯಲು ಅವರಿಗೆ ಬಿಡುವೂ ಇಲ್ಲ. ಧಕ್ಕೆಯ ಉದ್ದಕ್ಕೂ ಟೈರು ಕಟ್ಟಿಸಿ. ಪ್ರತಿ ದೋಣಿಯಲ್ಲಿ ಚಾಲಕನಲ್ಲದೆ ಹಗ್ಗಕ್ಕೆ ಒಬ್ಬ ಆಳನ್ನು ಇಡಿ. ಎರಡೂ ಕಡೆ ಹಗ್ಗ ಬಿಗಿದು, ಗೇರು ನ್ಯೂಟ್ರಲ್‌ಗೆ ಬಂದು, ಚಾಲಕ ಕೈ ಎತ್ತಿ ತೋರಿಸುವವರೆಗೆ ಯಾರೂ ಏಳಬಾರದು. ಧಕ್ಕೆಯ ಮೇಲಿನ ಸೀಟಿ ನಿಲ್ಲಬೇಕು. ಎಲ್ಲಕ್ಕಿಂತ ಮೊದಲು ಸುತ್ತುಗಳ ನಡುವಿನ ಬಿಡುವನ್ನು ಹೆಚ್ಚಿಸಿ, ದೋಣಿ ತಿರುಗಿಸಿಕೊಂಡು ಬರಲು ಹುಡುಗರಿಗೆ ಸಮಯ ಕೊಡಿ. ಅದಿಲ್ಲದೆ ಉಳಿದ ಯಾವುದೂ ನಡೆಯುವುದಿಲ್ಲ.

ಹದಿನೈದು ದಿನಗಳೊಳಗೆ ಲಿಖಿತ ಉತ್ತರ ಬರಬೇಕು. ಬಾರದಿದ್ದರೆ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಸೇವಾ ನ್ಯೂನತೆಯ ದೂರು ಕೊಡುತ್ತೇನೆ. ಈ ಪತ್ರದ ಪ್ರತಿಯನ್ನು ಬಂದರು ಇಲಾಖೆಗೂ ತಾಲ್ಲೂಕು ಆಡಳಿತಕ್ಕೂ ಕಳುಹಿಸಿದ್ದೇನೆ.

ತಂದೆಯ ಜೊತೆ ಹುಟ್ಟು ಹಾಕಿದ ಇಬ್ಬರು ಹಿರಿಯರು ನಮ್ಮೂರಿನಲ್ಲಿ ಇನ್ನೂ ಗಟ್ಟಿಯಾಗಿದ್ದಾರೆ. ನಿಮ್ಮ ಹುಡುಗರಿಗೆ ಈ ಹೊಳೆಯ ಉಬ್ಬರ ಇಳಿತ ತೋರಿಸಿಕೊಡಲು ಬರುತ್ತೀರಾ ಎಂದು ನಿನ್ನೆ ಕೇಳಿದೆ. ಬೆಳಿಗ್ಗೆ ಮೊದಲ ಸುತ್ತಿಗೆ ಮುಂಚೆಯಾದರೆ ಬರುತ್ತೇವೆ ಎಂದಿದ್ದಾರೆ. ದಿನ ತಿಳಿಸಿದರೆ ನಾನೇ ಅವರನ್ನು ಧಕ್ಕೆಗೆ ಕರೆತರುತ್ತೇನೆ.

ಇತಿ,
ಗಾಯಗೊಂಡ ಪ್ರಯಾಣಿಕರ ಮಗ,
ಹೊನ್ನಾವರ ತಾಲ್ಲೂಕು

ಲಗತ್ತು: ಆರು ಟಿಕೆಟ್‌ಗಳ ಪ್ರತಿ, ಆಸ್ಪತ್ರೆಯ ವರದಿ ಮತ್ತು ರಸೀದಿಗಳು, ಧಕ್ಕೆಯ ಮೂರು ಫೋಟೊಗಳು.