ಹಂಗುಲ್ ಪಠ್ಯ ಒಡೆದು ಕಾಣುವುದೇಕೆ?

ಮಾನ್ಯ ಸಂಪಾದಕರೇ,

ಕೊರಿಯನ್ ಓದಲು 11,172 ಅಕ್ಷರ ಕಲಿಯಬೇಕು ಎಂಬ ಮಾತು ಆಗಾಗ ಕಣ್ಣಿಗೆ ಬೀಳುತ್ತದೆ. ಇದು ಯೂನಿಕೋಡ್ (ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಜಾಗತಿಕ ಮಾನಕ) ಪಟ್ಟಿಯನ್ನು ತಪ್ಪಾಗಿ ಅರ್ಥ ಮಾಡಿಕೊಂಡಿದ್ದರ ಫಲ. ಕೊರಿಯನ್ ಬರೆಯುವ ಹಂಗುಲ್ ಲಿಪಿಯ ಮೂಲಾಕ್ಷರಗಳು 24 ಮಾತ್ರ. ಅವನ್ನು ಜೋಡಿಸಿ ಒಂದೊಂದು ಅಕ್ಷರಗುಚ್ಛ ಬರೆಯುತ್ತಾರೆ. ಅದರಲ್ಲಿ ಬರಬಹುದಾದ ಮೊದಲ ವ್ಯಂಜನ 19, ನಡುವಿನ ಸ್ವರ 21, ಕೊನೆಯ ವ್ಯಂಜನ 27. ಕೊನೆಯದು ಇಲ್ಲದಿರುವುದೂ ಸೇರಿದರೆ 28. 19, 21, 28 ಮೂರನ್ನೂ ಗುಣಿಸಿದರೆ ಸಿಗುವುದೇ ಆ 11,172 ಗುಚ್ಛಗಳು. 1996ರ ಯೂನಿಕೋಡ್ 2.0 ಇವಕ್ಕೆ 44032ರಿಂದ 55203ರವರೆಗೆ ಸಾಲಾಗಿ ಸಂಖ್ಯೆ ಕೊಟ್ಟಿತು.

ಈ ಸಾಲು ಎಷ್ಟು ಅಚ್ಚುಕಟ್ಟೆಂದರೆ ಪಟ್ಟಿಯನ್ನೇ ನೋಡಬೇಕಿಲ್ಲ. ಮೊದಲ ವ್ಯಂಜನದ ಕ್ರಮಾಂಕವನ್ನು 21ರಿಂದ ಗುಣಿಸಿ ಸ್ವರದ ಕ್ರಮಾಂಕ ಕೂಡಿಸಿ. ಬಂದದ್ದನ್ನು 28ರಿಂದ ಗುಣಿಸಿ ಕೊನೆಯ ವ್ಯಂಜನದ ಕ್ರಮಾಂಕವನ್ನೂ 44032ನ್ನೂ ಸೇರಿಸಿ. ಎಣಿಕೆ ಸೊನ್ನೆಯಿಂದ ಶುರು. ‘ಹನ್’ ಎಂಬುದರಲ್ಲಿ ಹಕಾರ 18, ಸ್ವರ 0, ಕೊನೆಯ ನಕಾರ 4. ಉತ್ತರ 54620.

ಎಡವುವುದು ಇಲ್ಲೇ. ಅದೇ ‘ಹನ್’ ಅನ್ನು 4370, 4449, 4523 ಎಂದು ಮೂರು ಬಿಡಿ ಸಂಕೇತಗಳಾಗಿಯೂ ಉಳಿಸಬಹುದು. ಯೂನಿಕೋಡ್ ಸಂಖ್ಯೆಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8ರಲ್ಲಿ ಇಡಿಯಾಗಿದ್ದರೆ 3 ಬೈಟ್, ಬಿಡಿಯಾಗಿದ್ದರೆ 9. ಪರದೆಯ ಮೇಲೆ ಎರಡೂ ಸಾಮಾನ್ಯವಾಗಿ ಒಂದೇ, ಹುಡುಕಿದರೆ ಮಾತ್ರ ಒಂದಕ್ಕೊಂದು ಹೊಂದುವುದಿಲ್ಲ. ಮ್ಯಾಕ್‌ನಲ್ಲಿ ಬಿಡಿ ಸಂಕೇತಗಳಲ್ಲಿ ಹೆಸರಿಟ್ಟ ಕಡತ ವಿಂಡೋಸ್‌ಗೆ ಹೋದಾಗ ಹೆಸರು ಚೂರುಚೂರಾಗಿ ಕಾಣುವುದೂ ಇದರಿಂದಲೇ. ಪಠ್ಯ ಉಳಿಸುವ ಮುನ್ನ, ಹೋಲಿಸುವ ಮುನ್ನ ಎನ್‌ಎಫ್‌ಸಿ (ಬಿಡಿ ಸಂಕೇತಗಳನ್ನು ಇಡಿಯಾಗಿ ಜೋಡಿಸುವ) ರೂಪಕ್ಕೆ ತರಬೇಕು. ತಂತ್ರಾಂಶ ಬರೆಯುವವರು ಇದನ್ನು ಐಚ್ಛಿಕವೆಂದು ಭಾವಿಸಲೇಬಾರದು. ಆದರೆ 12593ರಿಂದ ಶುರುವಾಗುವ, ಒಂಟಿಯಾಗಿ ತೋರಿಸಲೆಂದೇ ಇರುವ ಅಕ್ಷರಗಳನ್ನು ಎನ್‌ಎಫ್‌ಸಿ ಜೋಡಿಸುವುದಿಲ್ಲ. ಅವು ಪಠ್ಯದಲ್ಲಿ ಸೇರಿಕೊಂಡಿದ್ದರೆ ಬೇರೆಯಾಗಿಯೇ ಸರಿಪಡಿಸಬೇಕು.

ಹಳೆಯ ಕಡತಗಳ ಪಾಡು ಇನ್ನೂ ಕಷ್ಟ. 1987ರ ಕೊರಿಯನ್ ಮಾನಕದಲ್ಲಿದ್ದದ್ದು 2,350 ಅಕ್ಷರಗುಚ್ಛಗಳಷ್ಟೇ. ಉಳಿದ 8,822ನ್ನು ಮೈಕ್ರೋಸಾಫ್ಟ್‌ನ ಸಿಪಿ949 ಎಂಬ ಸಂಕೇತ ಪದ್ಧತಿ ಖಾಲಿ ಜಾಗಗಳಲ್ಲಿ ತುಂಬಿತು, ಹಾಗಾಗಿ ಒಟ್ಟು ಗುಚ್ಛಗಳು ಲಿಪಿಯ ಸಹಜ ಕ್ರಮದಲ್ಲಿಲ್ಲ. ಅಂಥ ಕಡತವನ್ನು ಆ 2,350ಕ್ಕಷ್ಟೇ ಸೀಮಿತವಾದ, ಕಟ್ಟುನಿಟ್ಟಾದ ಇಯುಸಿ-ಕೆಆರ್ ಪದ್ಧತಿ ಎಂದು ತೆರೆದರೆ ಅಪರೂಪದ ಅಕ್ಷರಗಳಲ್ಲೇ ದೋಷ ಬರುತ್ತದೆ. ಅದು ಹೆಚ್ಚಾಗಿ ಜನರ ಹೆಸರಿಗೆ ತಗಲುವುದು ಬೇಸರದ ಸಂಗತಿ. ಸಿಪಿ949 ಎಂದೇ ತೆರೆದು ಯುಟಿಎಫ್-8ಕ್ಕೆ ಬದಲಿಸಿ. ಹೊಸ ಕಡತದಲ್ಲಿ ಅನಗತ್ಯ ಪ್ರಶ್ನಾರ್ಥಕ ಚಿಹ್ನೆ ಇದೆಯೇ ಎಂದು ಹುಡುಕುವವರೆಗೆ ಮೂಲವನ್ನು ಅಳಿಸಬೇಡಿ. ಒಮ್ಮೆ ಆ ಚಿಹ್ನೆಯಾಗಿ ಉಳಿದ ಅಕ್ಷರವನ್ನು ಯಾವ ಲೆಕ್ಕದಿಂದಲೂ ಮರಳಿ ಪಡೆಯಲಾಗದು.

ಇತಿ,
ಲಿಪಿ ತಂತ್ರಾಂಶ ಕ್ಷೇತ್ರದ ಓದುಗ