ಹೆಸರು ಗೊತ್ತಿಲ್ಲದ ಬಳ್ಳಿಗೆ ಒಂದು ಮಳೆಗಾಲ ಕೊಡಿ

ಮಾನ್ಯರೇ,

ಹಳೇ ಮನೆ ಕೊಂಡವರು ಮೊದಲು ಮಾಡಿಸುವುದೇ ಹಿತ್ತಲು ಕ್ಲೀನ್. ನಮ್ಮ ಬೀದಿಯಲ್ಲೂ ಹಾಗೇ ಆಯಿತು. ಬೇಸಿಗೆಯಲ್ಲಿ ಬರೀ ಮಣ್ಣು ಕಾಣುತ್ತಿದ್ದ ಬೇಲಿ ಬುಡದಲ್ಲಿ ಜೂನ್ ಮಳೆ ಬಿದ್ದ ಮೇಲೆ ಒಂದು ಬಳ್ಳಿ ಎದ್ದಿತು, ಹೊಸದಾಗಿ ಬಂದವರು ಅದನ್ನು ಕಳೆ ಅಂತ ಕೀಳಿಸಲು ಹೊರಟಿದ್ದರು. ಹೂ ಇನ್ನೂ ಬಂದಿಲ್ಲ. ಫೋನಿನ ಆ್ಯಪ್ ಒಂದೊಂದು ಸಲ ಒಂದೊಂದು ಹೆಸರು ಹೇಳುತ್ತದೆ.

ಎಲೆಯ ತುದಿ ನೋಡಿ ಅಂದೆ. ಆ ತುದಿಯೇ ಉದ್ದವಾಗಿ, ಸುರುಳಿ ಸುತ್ತಿ ಬೇಲಿಯನ್ನು ಹಿಡಿದುಕೊಂಡಿತ್ತು. ಗೌರಿ ಹೂವಿನ ಬಳ್ಳಿ ಹತ್ತುವುದೇ ಹೀಗೆ. ಕೆಲವರು ಅಗ್ನಿಶಿಖೆ ಅನ್ನುತ್ತಾರೆ. ಹಬ್ಬದ ಹೊತ್ತಿಗೆ ಅರಳಿಯೂ ಬಿಟ್ಟಿತು: ಅಂಚು ಸುಕ್ಕಾದ ಆರು ಎಸಳು, ಹಿಂದಕ್ಕೆ ಮಡಚಿಕೊಂಡಿವೆ, ಬುಡ ಹಳದಿ, ತುದಿ ಕೆಂಪು, ದಿನ ಕಳೆದಂತೆ ಕೆಂಪೇ ಜಾಸ್ತಿ. ತಮಿಳುನಾಡಿನವರು ಇದನ್ನು ರಾಜ್ಯದ ಹೂ ಮಾಡಿಕೊಂಡಿದ್ದಾರೆ, ನಾವು ಕಿತ್ತು ಎಸೆಯುತ್ತೇವೆ!

ಮನೆ ಕೊಂಡವರಿಗೆ ಆ ಜಾಗದಲ್ಲಿ ಕಾರು ನಿಲ್ಲಿಸಬೇಕಿತ್ತು, ಸರಿ, ಅದೂ ಬೇಕಲ್ವಾ. ಆದರೆ ಹಸಿರಿದ್ದಾಗ ಕಿತ್ತರೆ ಬಳ್ಳಿ ಉಳಿಯುವುದು ಕಷ್ಟ. ಪೂರ್ತಿ ಒಣಗುವವರೆಗೆ ಬಿಟ್ಟು, ಆಮೇಲೆ ಬುಡದಿಂದ ಸ್ವಲ್ಪ ದೂರದಲ್ಲಿ ಅಗೆದು ಗೆಡ್ಡೆ ಎತ್ತಬೇಕು. ಕವಲೊಡೆದ ಗೆಡ್ಡೆ ಅದು, ಪಟ್ಟನೆ ಮುರಿಯುತ್ತದೆ, ಮೊಳಕೆ ಬರುವುದು ಕವಲಿನ ತುದಿಯಲ್ಲಿ, ತುದಿ ಹೋದರೆ ಆ ತುಂಡು ಮುಗೀತು. ನೀರು ನಿಲ್ಲದ ಮಣ್ಣಿನಲ್ಲಿ ಎರಡು ಮೂರು ಇಂಚು ಆಳಕ್ಕೆ ಅಡ್ಡ ಮಲಗಿಸಿ ಮುಚ್ಚಿ. ಚಿಗುರು ಕಾಣುವವರೆಗೆ ಸುಮ್ನೆ ನೀರು ಹಾಕಬೇಡಿ, ಕೊಳೆಯುತ್ತದೆ.

ಇನ್ನೊಂದು ಮಾತು, ಇದು ಮುಖ್ಯ. ಇಡೀ ಗಿಡ ವಿಷ, ಅದರಲ್ಲೂ ಗೆಡ್ಡೆ ಮತ್ತು ಬೀಜ. ಕಾಲ್ಚಿಸಿನ್ ಎಂಬ ವಿಷ ಇದೆ ಇದರಲ್ಲಿ. ಗೆಣಸು ಅಂತ ಬೇಯಿಸಿ ತಿಂದು ಜೀವ ಕಳೆದುಕೊಂಡವರಿದ್ದಾರೆ. ಗ್ಲೌಸ್ ಹಾಕಿಕೊಂಡೇ ಮುಟ್ಟಿ, ಅಗೆದ ಗೆಡ್ಡೆಯನ್ನು ಅಡುಗೆಮನೆ ಕಡೆ ತರಲೇಬೇಡಿ, ಮಕ್ಕಳು ಮತ್ತು ದನಕರು ಓಡಾಡುವ ಕಡೆ ನೆಡಬೇಡಿ. ಹೆಸರು ತಿಳಿಯದೆ ಸಾಕುವುದೂ ಅಪಾಯವೇ.

ಹಾಗಾಗಿ ತೋಟಗಾರಿಕೆ ಇಲಾಖೆಗೆ ಒಂದು ಕೋರಿಕೆ. ಆಗಸ್ಟ್‌ನಲ್ಲಿ ಲಾಲ್‌ಬಾಗ್‌ನಲ್ಲಿ ಫಲಪುಷ್ಪ ಪ್ರದರ್ಶನ ಇರುತ್ತದೆ, ಜಿಲ್ಲೆಗಳಲ್ಲೂ ಮಾಡುತ್ತಾರೆ. ಅಲ್ಲಿ ಒಂದು ಮೇಜು ಹಾಕಿ ಗಿಡ ಬಲ್ಲವರೊಬ್ಬರನ್ನು ಕೂರಿಸಿ, ಜನ ತಮ್ಮ ಹಿತ್ತಲಿನ ಎಲೆನೋ ಫೋಟೋನೋ ತಂದು ಕೇಳಲಿ. ಹೂವಿನಲ್ಲಿ ಕಟ್ಟುವ ದೊಡ್ಡ ದೊಡ್ಡ ಮಾದರಿಗಳಿಗೆ ಆಗುವ ಖರ್ಚಿನ ಮುಂದೆ ಇದು ಏನೂ ಅಲ್ಲ.

– ಓದುಗ, ಸಾಗರ