ಅಟ್ಟದ ಧೂಳು, ದೊಡ್ಡಪ್ಪನ ಜ್ವರ

ಪ್ರಿಯ ಓದುಗರೇ,

"ತಮಾ, ಅಪ್ಪೆಹುಳಿ ಕುಡಿದ್ರೆ ಬಾಯಿ ಉರಿತು." ಶಿರಸಿಯಿಂದ ದೊಡ್ಡಪ್ಪ ಫೋನಿನಲ್ಲಿ ಹೀಗಂದಾಗ, ವಿಟಮಿನ್ ಮಾತ್ರೆ ತಗೊಳ್ಳಿ ಅಂದುಬಿಟ್ಟೆ. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ.

ಆಮೇಲೆ ಸಂಜೆಯಾದರೆ ಜ್ವರ. ಊಟ ಸೇರದು. ಪಂಚೆ ಸೊಂಟದಲ್ಲಿ ನಿಲ್ಲದಷ್ಟು ಇಳಿದುಹೋದರು. ಕಫದಲ್ಲಿ ಏನೂ ಸಿಗದಿದ್ದರೂ ಟಿ.ಬಿ. ಇರಬಹುದೆಂದು ಐದು ತಿಂಗಳು ಔಷಧಿ ಕೊಟ್ಟರು. ನಾಲಿಗೆ ಅಂಚಿನ ಹುಣ್ಣು ಮಾತ್ರ ಮಾಯಲೇ ಇಲ್ಲ. ಕೊನೆಗೆ ಒಬ್ಬ ವೈದ್ಯರು ಆ ಹುಣ್ಣಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅದು ಹಿಸ್ಟೋಪ್ಲಾಸ್ಮೋಸಿಸ್, ಅಂದರೆ ಒಂದು ಬಗೆಯ ಬೂಸ್ಟಿನಿಂದ ಬರುವ ಕಾಯಿಲೆ.

ಬೂಸ್ಟಿನ ಕಾಯಿಲೆ ಅಂದರೆ ಗಜಕರ್ಣ ಅಂತಲೇ ನಾವು ತಿಳಿದಿದ್ದೇವೆ, ಅಲ್ವಾ? ಇದು ಹಾಗಲ್ಲ. ಈ ಬೂಸ್ಟು ಬಾವಲಿ, ಹಕ್ಕಿಗಳ ಹಿಕ್ಕೆ ಬಿದ್ದ ಮಣ್ಣಿನಲ್ಲಿ ಬೆಳೆಯುತ್ತದೆ. ಧೂಳೆದ್ದಾಗ ಉಸಿರಿನ ಜೊತೆ ಶ್ವಾಸಕೋಶ ಸೇರುತ್ತದೆ. ಹೆಚ್ಚಿನವರಿಗೆ ಗೊತ್ತೇ ಆಗದೆ ವಾಸಿಯಾಗುತ್ತದೆ. ರೋಗ ತಡೆಯುವ ಶಕ್ತಿ ಕುಂದಿದವರಲ್ಲಿ ರಕ್ತದ ಮೂಲಕ ಯಕೃತ್ತು, ಗುಲ್ಮ, ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯವರೆಗೂ ಹರಡಬಹುದು. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ದೊಡ್ಡಪ್ಪನ ತಟ್ಟೆ ಲೋಟ ಬೇರೆ ಇಟ್ಟಿದ್ದರಲ್ಲ, ಅದು ಬೇಕಿರಲಿಲ್ಲ.

ನಾವಿರುವ ಅಮೆರಿಕದ ಈ ಓಹಾಯೋ ಕಣಿವೆಯಲ್ಲಿ ಇದು ಹಳೇ ಪರಿಚಯದ ಕಾಯಿಲೆ. ಹಳೇ ಕೊಟ್ಟಿಗೆ ಕೆಡವಿದಿರಾ, ಗುಹೆಗೆ ಹೋಗಿದ್ದಿರಾ ಎಂದು ವೈದ್ಯರು ಕೇಳುತ್ತಾರೆ. ಭಾರತದಲ್ಲಿ 1954ರಲ್ಲೇ ಕೋಲ್ಕತ್ತದಿಂದ ವರದಿಯಾಗಿತ್ತು. ಗಂಗಾ ಬಯಲಿನಲ್ಲಿ ಜಾಸ್ತಿ, ದಕ್ಷಿಣದಲ್ಲೂ ಕಂಡಿದೆ. ಆದರೆ ನಮ್ಮ ಕಡೆ ಜ್ವರ, ಕೆಮ್ಮು, ತೂಕ ಇಳಿತ ಎಂದರೆ ಮೊದಲು ನೆನಪಾಗುವುದು ಟಿ.ಬಿ. ಅದು ತಪ್ಪೂ ಅಲ್ಲ. ಎರಡೂ ಒಟ್ಟಿಗೆ ಇರುವುದುಂಟು. ಔಷಧಿ ನಾಟದಿದ್ದಾಗಲೂ ಬೇರೆ ಯೋಚನೆ ಬಾರದಿರುವುದೇ ನನ್ನ ಸಂಕಟ.

ದೊಡ್ಡಪ್ಪನಿಗೆ ಎಲ್ಲಿಂದ ಬಂತೋ, ಖಂಡಿತವಾಗಿ ಹೇಳಲಾಗದು. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ ಇತ್ತು. ಉಪನಯನಕ್ಕೆ ಮುಂಚೆ ಬಾವಲಿ ಸೇರಿದ ಅಟ್ಟವನ್ನು ಬರೀ ಮುಖದಲ್ಲಿ ಗುಡಿಸಿದ್ದರು. ಇದನ್ನು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಎರಡು ವಾರ ಡ್ರಿಪ್‌ನಲ್ಲಿ ಆಂಫೊಟೆರಿಸಿನ್ ಬಿ ಎಂಬ ಬೂಸ್ಟಿನ ಔಷಧಿ ಕೊಟ್ಟರು. ಅದು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲದ್ದರಿಂದ ಮತ್ತೆ ಮತ್ತೆ ರಕ್ತ ಪರೀಕ್ಷೆ. ಆಮೇಲೆ ಒಂದು ವರ್ಷ ಬೂಸ್ಟಿಗೇ ಕೊಡುವ ಇಟ್ರಾಕೊನಜೋಲ್ ಕ್ಯಾಪ್ಸೂಲ್. ಊಟದ ಜೊತೆಗೇ ನುಂಗಬೇಕು. ಗ್ಯಾಸಿನ ಮಾತ್ರೆ ತಿಂದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಟಿ.ಬಿ.ಗೆ ಕೊಡುವ ರಿಫಾಂಪಿಸಿನ್ ಕೂಡ ಅದರ ಬಲವನ್ನು ತುಂಬಾ ಕುಗ್ಗಿಸುತ್ತದೆ. ಮೂರನೇ ತಿಂಗಳಿಗೆ ಹುಣ್ಣು ಮಾಯಿತು. ಆರಾಮೆನಿಸಿತೆಂದು ಕ್ಯಾಪ್ಸೂಲ್ ಬಿಡಲು ಹೊರಟಿದ್ದರು. ದೊಡ್ಡಮ್ಮ ಬಿಡಲಿಲ್ಲ.

ರಜೆಗೆ ಊರಿಗೆ ಹೊರಟವರಲ್ಲಿ ಒಂದು ಕೋರಿಕೆ. ಬಾವಲಿ ಇರುವ ಅಟ್ಟವನ್ನು ಒಣಗಿದ ಹಾಗೇ ಗುಡಿಸಲು ಬಿಡಬೇಡಿ. ನೀರು ಚಿಮುಕಿಸಿ, ಎನ್95 ಮಾಸ್ಕ್ ಹಾಕಿಸಿ. ಸಕ್ಕರೆ ಕಾಯಿಲೆಯವರನ್ನು, ಸ್ಟೀರಾಯ್ಡ್ ತಗೊಳ್ಳುವವರನ್ನು ಅತ್ತ ಕಳಿಸಲೇಬೇಡಿ. ಮನೆಯ ಹಿರಿಯರಿಗೆ ಮಾಯದ ಬಾಯಿಹುಣ್ಣು, ಬಿಡದ ಜ್ವರ ಇದ್ದರೆ ನೀವೇ ಜೊತೆಗೆ ಹೋಗಿ. ಅಟ್ಟ ಗುಡಿಸಿದ ವಿಷಯವನ್ನೂ ವೈದ್ಯರಿಗೆ ಹೇಳಿ.